ಹಿಂದಕ್ಕೆ ತೆಗೆಯಬೇಕಾದವನು

ಹಿಂದಕ್ಕೆ ತೆಗೆಯಬೇಕಾದವನು ತಾನೇ ಎಂಬುದು ಪೆನ್ರೋಸ್‌ಗೆ ಮೊದಲ ಕ್ಷಣದಲ್ಲೇ ಗೊತ್ತಾಗಿತ್ತು. ಅದಕ್ಕೇ ಅವನು ಎಂಜಿನ್ ಆರಿಸಿಬಿಟ್ಟ.

ಎದುರಿನ ಕೆಂಪು ಕಾರು ಏರು ಹತ್ತಿ ಬಂದಿತ್ತು, ಇವನದು ಇಳಿಜಾರು. ಇವನ ಬೆನ್ನ ಹಿಂದೆ, ನಾಲ್ಕು ಮಾರು ದೂರದಲ್ಲಿ, ಬೇಲಿಯನ್ನು ಒಳಕ್ಕೆ ಕೊರೆದು ಮಾಡಿದ್ದ ಸರಿದು ನಿಲ್ಲುವ ಜಾಗ ಖಾಲಿ ಬಿದ್ದಿತ್ತು. ಓಣಿ ಒಂದು ಕಾರಿನಷ್ಟೇ ಅಗಲ. ಎರಡೂ ಕಡೆ ಆಳೆತ್ತರದ ಬೇಲಿದಿಬ್ಬ, ಅದರ ಮೇಲೆ ಜೂನ್ ತಿಂಗಳ ಹುಲ್ಲು, ತುರಿಕೆ ಗಿಡ, ಹೂವು.

"ಯಾಕೆ ಆಫ್ ಮಾಡಿದೆ?" ಪಕ್ಕದಲ್ಲಿ ಕೂತಿದ್ದ ಐಲ್ಸಾ ಕೇಳಿದಳು.

"ಪೆಟ್ರೋಲ್ ದಂಡ."

"ಹಿಂದಕ್ಕೆ ತಗೊಂಡ್ರೆ ಮುಗೀತಲ್ಲ."

"ತಗೋಬಹುದು."

"ಮತ್ತೆ?"

"ಅವರೂ ತಗೋಬಹುದು."

ಐಲ್ಸಾ ಕೈಗಡಿಯಾರ ನೋಡಿಕೊಂಡಳು. ಅದನ್ನು ಅವನು ನೋಡಬಾರದೆಂಬಂತೆ ತೋಳನ್ನು ಆ ಕಡೆ ತಿರುಗಿಸಿ ನೋಡಿದಳು. ಮಧ್ಯಾಹ್ನದ ರೈಲು ತಪ್ಪಿದರೆ ಸ್ಕಾಟ್‌ಲೆಂಡಿಗೆ ಹೋಗುವುದು ಇನ್ನು ನಾಳೆಯೇ. ಪರ್ತ್ ಊರಿನಲ್ಲಿ ಅವಳ ಅಕ್ಕ ಇದ್ದಾಳೆ. ಅಲ್ಲಿಗೆ 'ಸ್ವಲ್ಪ ದಿನದ ಮಟ್ಟಿಗೆ' ಹೋಗುತ್ತಿದ್ದಾಳೆ. ಹಾಗೆಂದು ಅವಳು ಭಾನುವಾರ ಪಾತ್ರೆ ಒರೆಸುತ್ತ ಹೇಳಿದ್ದಳು. ಸ್ವಲ್ಪ ಎಂದರೆ ಎಷ್ಟು ಎಂದು ಅವನು ಕೇಳಿರಲಿಲ್ಲ. ಡಿಕ್ಕಿಯಲ್ಲಿ ಇರುವುದು ಚಿಕ್ಕ ಬ್ಯಾಗಲ್ಲ, ದೊಡ್ಡ ಸೂಟ್‌ಕೇಸು. ಅದರ ಮೇಲೆ ಚಳಿಗಾಲದ ಕೋಟು. ಕೋಟಿನ ಬಗ್ಗೆಯೂ ಅವನು ಕೇಳಿರಲಿಲ್ಲ. ಅಲ್ಲಿ ಚಳಿ ಎಂದು ಅವಳು ಹೇಳಿಬಿಟ್ಟರೆ ಅದನ್ನು ನಂಬಬೇಕಾಗುತ್ತಿತ್ತು.

ಬೆಳಿಗ್ಗೆ ಏನೂ ತಿಂದಿರಲಿಲ್ಲವಾದ್ದರಿಂದಲೋ ಏನೋ, ಪೆನ್ರೋಸ್‌ಗೆ ತಲೆ ಹಗುರಾಗಿ ತೇಲುತ್ತಿರುವಂತಿತ್ತು. ಹೊಟ್ಟೆಯೊಳಗೆ ಯಾರೋ ಸೋಡಾ ಬಾಟಲಿ ಅಲ್ಲಾಡಿಸಿ ಇಟ್ಟಂತೆ ನಗು ಉಕ್ಕಿ ಬರುತ್ತಿತ್ತು. ಇಷ್ಟು ಸುಲಭವೇ ಎನಿಸಿತು. ಬೇಡಿಕೊಳ್ಳಬೇಕಾಗಿಲ್ಲ, ಜಗಳವಾಡಬೇಕಾಗಿಲ್ಲ, ಪ್ರೀತಿ ಎಂಬ ಶಬ್ದವನ್ನು ಬಾಯಲ್ಲಿ ಹಾಕಿಕೊಂಡು ಒದ್ದಾಡಬೇಕಾಗಿಲ್ಲ. ಸುಮ್ಮನೆ ಕೂತರಾಯಿತು. ಹ್ಯಾಂಡ್‌ಬ್ರೇಕ್ ಎಳೆದು ಕೂತರೆ ಹೆಂಡತಿ ಉಳಿಯುತ್ತಾಳೆ.

ಕೆಂಪು ಕಾರಿನ ಬಾಗಿಲು ಬೇಲಿಗೆ ಒತ್ತಿಕೊಂಡು ಅರ್ಧ ತೆರೆಯಿತು. ದಪ್ಪ ಮೈಯ ಹೆಂಗಸೊಬ್ಬಳು ಹೊಟ್ಟೆಯನ್ನು ಒಳಗೆಳೆದುಕೊಂಡು ಹೊರಬಂದಳು. ತಲೆಯ ಮೇಲೆ ಬಿಳಿ ಟೋಪಿ, ಕಾಲಿಗೆ ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ.

"ಏನ್ ಚೆಲುವಾ, ಗಾಡಿ ಕೆಟ್ಟು ಹೋಯ್ತಾ?"

"ಇಲ್ಲ."

"ಮತ್ತೆ?"

"ನಿಂತಿದೀನಿ."

"ಅದು ಕಾಣುತ್ತೆ ಬಿಡು. ನಾನು ಮಿಸೆಸ್ ನ್ಯಾನ್‌ಕಿವೆಲ್. ಮೇಲಿನ ಚರ್ಚಿಗೆ ಬನ್ ತಗೊಂಡು ಹೋಗ್ತಿದೀನಿ. ಸ್ವಲ್ಪ ಹಿಂದೆ ಹೋಗ್ತೀಯಾ, ರಾಜಾ?"

"ನೀವೇ ಹೋಗಬಹುದಲ್ಲ?"

"ನಾನಾ?" ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. "ನನಗೆ ರಿವರ್ಸ್ ಬರಲ್ಲ ಕಣಪ್ಪ. ಲೈಸೆನ್ಸ್ ತಗೊಂಡ ದಿನ ಒಂದ್ಸಲ ಮಾಡಿದ್ದೆ. ಆಮೇಲೆ ಬೇಕು ಅನ್ನಿಸ್ಲಿಲ್ಲ. ನಮ್ಮ ಯಜಮಾನ್ರು ಹೋಗಿ ಇಷ್ಟು ವರ್ಷ ಆಯ್ತು, ಬರೀ ಮುಂದಕ್ಕೇ ಓಡಿಸ್ಕೊಂಡು ಬಂದಿದೀನಿ. ಬೇಕಾದ್ರೆ ಊರೆಲ್ಲ ಸುತ್ತು ಹಾಕ್ಕೊಂಡು ಬರ್ತೀನಿ, ಹಿಂದಕ್ಕೆ ಮಾತ್ರ ಇಲ್ಲ."

"ಕಾನೂನಲ್ಲಿ ಇಂಥೋರೇ ಹೋಗ್ಬೇಕು ಅಂತ ಇಲ್ಲ," ಎಂದ ಪೆನ್ರೋಸ್. ತನ್ನ ಧ್ವನಿ ಎಷ್ಟು ಸೌಜನ್ಯದಿಂದ ಹೊರಬರುತ್ತಿದೆ ಎಂದು ಅವನಿಗೇ ಆಶ್ಚರ್ಯವಾಯಿತು.

"ಕಾನೂನಲ್ಲಿ ಇಲ್ದೇ ಇದ್ರೇನು? ವಾರಪತ್ರಿಕೇಲಿ ದಾರಿಮಿತ್ರ ಅಂತ ಒಬ್ಬ ಬರೀತಾನೆ, ಓದ್ತೀಯಾ? ಇಳಿಯೋನು ಏರೋನಿಗೆ ಬಿಡ್ಬೇಕು ಅಂತ ಅಚ್ಚುಕಟ್ಟಾಗಿ ಬರೆದಿದಾನೆ."

ಪೆನ್ರೋಸ್ ಸ್ಟೀರಿಂಗ್ ಹಿಡಿದುಕೊಂಡ. ದಾರಿಮಿತ್ರ ಅವನೇ. ಇಚ್ಛಾಸ್ವಾತಂತ್ರ್ಯದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವನು, ಪಾಠ ಹೇಳಲು ಕಾಲೇಜು ಸಿಗದೆ, ಹನ್ನೆರಡು ವರ್ಷದಿಂದ ದೇಶದ ಕಾರುಗಳ ಗೋಳಿಗೆ ಉತ್ತರ ಬರೆಯುತ್ತಿದ್ದ. ಚಪ್ಪಲಿ ಹಾಕಿಕೊಂಡು ಓಡಿಸಿದರೆ ತಪ್ಪೇ? ಮನೆಯ ಮುಂದೆ ಪಕ್ಕದವನು ಕಾರು ನಿಲ್ಲಿಸಿದರೆ ಏನು ಮಾಡಲಿ? ಗುಂಡಿಗೆ ಬಿದ್ದು ಚಕ್ರ ಸೊಟ್ಟಗಾದರೆ ಯಾರನ್ನು ಹಿಡಿಯಲಿ? ನಡುವಿನ ಸಾಲಿನಲ್ಲೇ ಆಮೆಯಂತೆ ಹೋಗುವವರನ್ನು ದೇವರು ಯಾಕೆ ಸೃಷ್ಟಿಸಿದ? ಎಲ್ಲಕ್ಕೂ ಅವನ ಬಳಿ ಉತ್ತರವಿತ್ತು. ಮನೆಯಲ್ಲಿ ಮಾತ್ರ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

"ಅವನಿಗೇನು ಗೊತ್ತು?" ಎಂದ ಪೆನ್ರೋಸ್. "ದಾರಿಮಿತ್ರ ಒಬ್ಬ ಶತಮೂರ್ಖ."

"ಅಯ್ಯೋ, ಹಾಗನ್ಬೇಡ! ನನ್ನ ಕ್ಲಚ್ ಉಳಿಸಿದ ಪುಣ್ಯಾತ್ಮ ಅವನು."

ಪಕ್ಕದಿಂದ ವಿಚಿತ್ರ ಶಬ್ದ ಬಂತು. ಐಲ್ಸಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಭುಜಗಳು ಕುಲುಕುತ್ತಿದ್ದವು. ಅವಳು ಅಳುತ್ತಿದ್ದಾಳೆಂದು ಒಂದು ಕ್ಷಣ ಅವನಿಗೆ ಭಯವಾಯಿತು, ಆಸೆಯೂ ಆಯಿತು. ಅವಳು ನಗುತ್ತಿದ್ದಳು. ತಡೆಯಲಾರದೆ, ಕಣ್ಣಲ್ಲಿ ನೀರು ತುಂಬಿಕೊಂಡು, ಮೊದಮೊದಲ ವರ್ಷಗಳಲ್ಲಿ ನಗುತ್ತಿದ್ದ ಹಾಗೆ.

"ಪುಣ್ಯಾತ್ಮ," ಎಂದಳು ಉಸಿರು ಸಿಕ್ಕದೆ.

"ಶತಮೂರ್ಖ," ಎಂದ ಅವನು.

ಇಬ್ಬರೂ ಬಿದ್ದು ಬಿದ್ದು ನಕ್ಕರು. ಕಾರು ಅಲುಗಾಡಿತು. ಮಿಸೆಸ್ ನ್ಯಾನ್‌ಕಿವೆಲ್ ಏನೂ ಅರ್ಥವಾಗದಿದ್ದರೂ ಒಳ್ಳೆಯ ಮನಸ್ಸಿನವಳಾದ್ದರಿಂದ ತಾನೂ ನಕ್ಕಳು. ಐಲ್ಸಾ ಉಳಿದಳು, ಉಳಿದೇಬಿಟ್ಟಳು ಎಂದುಕೊಂಡ ಪೆನ್ರೋಸ್. ಇಷ್ಟು ನಕ್ಕ ಮೇಲೆ ಯಾರಾದರೂ ಬಿಟ್ಟು ಹೋಗುತ್ತಾರೆಯೇ?

ಅಷ್ಟರಲ್ಲಿ ಕೆಂಪು ಕಾರಿನ ಹಿಂದೆ ಒಂದು ಪಾರ್ಸೆಲ್ ವ್ಯಾನು ಬಂದು ನಿಂತಿತು. ಹಾರ್ನ್ ಬಾರಿಸಿತು. ಅದರ ಹಿಂದೆ ಒಂದು ಕಾರು, ಆ ಕಾರಿನ ಬಾಲಕ್ಕೆ ಕಟ್ಟಿದ ಗಾಲಿಮನೆ, ಬಿಳಿಯ ಕ್ಯಾರವಾನ್. ಅದರ ಹಿಂದೆ ಇನ್ನೂ ಏನೋ ಬಂದು ನಿಂತ ಸದ್ದು.

ವ್ಯಾನಿನಿಂದ ತೆಳ್ಳಗಿನವನೊಬ್ಬ ಬೇಲಿಗೆ ಬೆನ್ನುಜ್ಜಿಕೊಂಡು ಬಂದ. ಅಂಗಿಯ ಮೇಲೆ ಕೈರನ್ ಎಂದು ಹೆಸರಿತ್ತು.

"ಗುರು, ಏನ್ ಇದು? ಹಿಂದೆ ಅಷ್ಟು ದೊಡ್ಡ ಜಾಗ ಬಿದ್ದಿದೆ, ಕಣ್ಣು ಕಾಣಲ್ವಾ?"

"ಕಾಣುತ್ತೆ."

"ರಿವರ್ಸ್ ಗೇರ್ ಇಲ್ವಾ?"

"ಇದೆ."

"ಮತ್ತೆ ಹಾಕೋಕೇನು ರೋಗ?"

"ಯೋಚನೆ ಮಾಡ್ತಿದೀನಿ," ಎಂದ ಪೆನ್ರೋಸ್. ಅದು ನಿಜವಲ್ಲ. ಇಷ್ಟು ಯೋಚನೆಯಿಲ್ಲದೆ ಅವನು ಎಂದೂ ಇದ್ದಿರಲಿಲ್ಲ.

ಕ್ಯಾರವಾನಿನವನೂ ಬಂದ. ನೀಲಿ ಪೇಟ, ಅರ್ಧ ಚಡ್ಡಿ, ನೆತ್ತರು ಚಿಮ್ಮುವಷ್ಟು ಬಿಸಿಲುಂಡ ಮೊಣಕಾಲು. ಬರ್ಮಿಂಗ್‌ಹ್ಯಾಮಿನ ರಶ್ಪಾಲ್ ಗಿಲ್. ಅವನಿಗೆ ಸಿಟ್ಟಿರಲಿಲ್ಲ, ದಣಿವಿತ್ತು.

"ನೋಡಿ ಸ್ವಾಮಿ, ನಾನಂತೂ ಹಿಂದೆ ಹೋಗೋ ಮಾತೇ ಇಲ್ಲ. ಈ ಡಬ್ಬ ಕಟ್ಕೊಂಡು ರಿವರ್ಸ್ ಹೋದ್ರೆ ಅದೊಂದು ಕಡೆ, ನಾನೊಂದು ಕಡೆ, ನನ್ನ ಹೆಂಡ್ತಿ ತವರುಮನೆ ಕಡೆ. ನನ್ನ ಹಿಂದೆ ಒಬ್ಬ ಅಜ್ಜ ಇದಾರೆ, ಕಾರು ಕಲೀತಿದಾರೆ. ಹೆಂಡ್ತಿ ಇರೋವರ್ಗೂ ಅವರೇ ಓಡಿಸ್ತಿದ್ರಂತೆ, ಇವರು ಪಕ್ಕದಲ್ಲಿ ಕೂತು ದಾರಿ ತಪ್ಪಿಸ್ತಿದ್ರಂತೆ. ಈಗ ಪಾಪ ಈ ವಯಸ್ಸಲ್ಲಿ ಸ್ಟೀರಿಂಗ್ ಹಿಡಿದಿದಾರೆ. ಅವರಿಗಾದ್ರೂ ಕರುಣೆ ತೋರ್ಸಿ."

ಮಿಸೆಸ್ ನ್ಯಾನ್‌ಕಿವೆಲ್ ಡಿಕ್ಕಿ ತೆಗೆದು ಬನ್ನಿನ ತಟ್ಟೆ ಹೊರತಂದಳು. ಕೇಸರಿ ಹಾಕಿದ ಹಳದಿ ಬನ್ನು, ಇನ್ನೂ ಬೆಚ್ಚಗಿತ್ತು. "ಚರ್ಚಿಗೆ ಹೆಂಗೂ ತಡವಾಯ್ತು. ತಿನ್ನಿ, ತಿನ್ನಿ. ಹಸಿದ ಹೊಟ್ಟೇಲಿ ಜಗಳ ಆಡಬಾರ್ದು." ಕೈರನ್ ಬೈಯುತ್ತಲೇ ಎರಡು ತೆಗೆದುಕೊಂಡ. ಪೆನ್ರೋಸ್ ಕಾರಿನಿಂದಿಳಿದು ಬಾನೆಟ್ಟಿಗೆ ಒರಗಿ ತಿಂದ. ಮೈಗೆ ಸಕ್ಕರೆ ಏರಿತು. ಬೇಲಿಯ ಮೇಲೆ ಬಿಸಿಲು, ಬಾಯಲ್ಲಿ ಬೆಣ್ಣೆ, ಗಡಿಯಾರದಲ್ಲಿ ಓಡುತ್ತಿರುವ ಹೊತ್ತು. ಇದಕ್ಕಿಂತ ಒಳ್ಳೆಯ ಮಧ್ಯಾಹ್ನವನ್ನು ಅವನು ನೆನಪಿಸಿಕೊಳ್ಳಲಾರದೆ ಹೋದ.

"ಅಲ್ಲಾ, ಇವನು ಯಾರು ಅಂತ ದೇವರಾಣೆಗೂ ಗೊತ್ತಾಗ್ತಿಲ್ಲ," ಕೈರನ್ ಅವನನ್ನು ತೋರಿಸಿ ಹೇಳಿದ. "ಕುಡಿದಿದಾನೋ, ತಲೆ ಕೆಟ್ಟಿದೆಯೋ."

ಐಲ್ಸಾ ಆಗ ಕಾರಿನಿಂದ ಇಳಿದಳು. ಅವಳ ಮುಖದಲ್ಲಿ ನಗುವಿನ ಕೆಂಪು ಇನ್ನೂ ಆರಿರಲಿಲ್ಲ.

"ಇವನೇ ದಾರಿಮಿತ್ರ," ಎಂದಳು. "ಏನು ಬೇಕಾದ್ರೂ ಕೇಳಿ. ಎಲ್ಲಾ ಗೊತ್ತು ಇವನಿಗೆ."

ಮಿಸೆಸ್ ನ್ಯಾನ್‌ಕಿವೆಲ್ ಕಿರುಚಿದಳು. ಬನ್ನಿನ ತಟ್ಟೆಯನ್ನು ಕೈರನ್ ಕೈಗೆ ತುರುಕಿ, ಪೆನ್ರೋಸ್‌ನ ಎರಡೂ ಕೆನ್ನೆ ಹಿಡಿದುಕೊಂಡಳು.

"ನೀನೇನೋ? ನನ್ನಪ್ಪಾ! ನಾನು ನಿನ್ನ ಗಡ್ಡದವನು ಅಂದ್ಕೊಂಡಿದ್ದೆ!"

ಕೈರನ್‌ನ ಸಿಟ್ಟು ಅಲ್ಲೇ ಕರಗಿತು. ಅದರ ಜಾಗದಲ್ಲಿ ಬಹುದಿನದ ಒಂದು ಸಂಕಟ ಮೇಲೆದ್ದಿತು. "ಗುರು, ಹಂಗಾದ್ರೆ ಒಂದು ಹೇಳು. ಸೂಪರ್‌ಮಾರ್ಕೆಟ್ ಪಾರ್ಕಿಂಗ್ ಜಾಗದಲ್ಲಿ ಕ್ಯಾಮೆರಾದೋರು ನನಗೆ ದಂಡ ಹಾಕಿದಾರೆ. ನಾನು ಒಳಗೆ ಹೋಗಿದ್ದು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಅವರು ಇಡೀ ದಿನ ಅಲ್ಲೇ ಮಲಗಿದ್ದೆ ಅಂತಾರೆ."

"ಕ್ಯಾಮೆರಾ ನೀನು ಮೊದಲು ಬಂದಿದ್ದನ್ನೂ ಕಡೇಗೆ ಹೋಗಿದ್ದನ್ನೂ ಮಾತ್ರ ಹಿಡಿದಿದೆ. ನಡುವಿನ ಹೊತ್ತಲ್ಲಿ ನೀನು ಬೇರೆ ಕಡೆ ಇದ್ದೆ ಅಂತ ತೋರಿಸು. ಪಾರ್ಸೆಲ್ ಕೊಟ್ಟಾಗ ಸಹಿ ತಗೊಂಡಿರ್ತೀಯಲ್ಲ, ಅದು ಸಾಕು."

"ಅಬ್ಬಾ!" ಎಂದು ಕೈರನ್ ಬೇಲಿಗೆ ಗುದ್ದಿದ. ಎಲೆಗಳಿಂದ ದೂಳು ಉದುರಿತು.

"ನನಗೆ ಹೇಳು, ನನಗೆ ಹೇಳು," ಮಿಸೆಸ್ ನ್ಯಾನ್‌ಕಿವೆಲ್ ಅವನ ತೋಳು ಜಗ್ಗಿದಳು. "ಈ ಚಪ್ಪಲಿ ಹಾಕ್ಕೊಂಡು ಓಡಿಸಿದ್ರೆ ಜೈಲಿಗೆ ಹಾಕ್ತಾರಾ?"

"ಚಪ್ಪಲಿ ತಪ್ಪಲ್ಲ. ಕಾಲು ಬ್ರೇಕಿನ ಮೇಲೆ ನಿಲ್ಲಬೇಕು, ಅಷ್ಟೇ."

"ನನ್ನ ತಂಗಿಗೆ ಫೋನ್ ಮಾಡಿ ಹೇಳ್ತೀನಿ ಇರು. ಜೈಲು ಅಂತ ಹೆದರಿಸಿದ್ಲು."

ಕಿಷ್ಕಿಂಧೆಯಂಥ ಆ ಜಾಗದಲ್ಲಿ ಎಲ್ಲರಿಗೂ ಅವನ ಹತ್ತಿರ ಬರಲು ಆಗುತ್ತಿರಲಿಲ್ಲ. ಕೈರನ್ ಅವನನ್ನು ಬೇಲಿದಿಬ್ಬದ ಮೇಲಕ್ಕೆ ಎತ್ತಿ ನಿಲ್ಲಿಸಿದ. ಪೆನ್ರೋಸ್ ಹುಲ್ಲಿನ ನಡುವೆ ಕಾಲೂರಿ ನಿಂತ. ಕೆಳಗೆ ಮೂರು ಮುಖಗಳು ಅವನತ್ತಲೇ ನೋಡುತ್ತಿದ್ದವು. ಕ್ಯಾರವಾನಿನ ಕಿಟಕಿಯಿಂದ ರಶ್ಪಾಲನ ಹೆಂಡತಿಯೂ ತಲೆ ಹೊರಹಾಕಿ, ಗುಂಡಿಯಲ್ಲಿ ಮುರಿದ ಸ್ಪ್ರಿಂಗಿನ ವಿಷಯ ಕೇಳಿ ಎಂದು ಕೂಗುತ್ತಿದ್ದಳು. ಅವನು ಹೇಳಿದ. ಗುಂಡಿಯ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಶೂ ಇಟ್ಟು ತೆಗೆಯಿರಿ, ಆಳ ಗೊತ್ತಾಗಲಿ ಎಂದ. ಅವರು ಚಪ್ಪಾಳೆ ತಟ್ಟಿದರು. ಮಳೆನೀರು ಎರಚಿದವನ ಮೇಲೆ ಕೇಸು ಹಾಕಬಹುದೇ ಎಂದರು. ಹಾಕಬಹುದು ಎಂದ. ಮನೆ ಮುಂದಿನ ರಸ್ತೆ ಯಾರದು ಎಂದರು. ಯಾರದೂ ಅಲ್ಲ ಎಂದ. ಒಬ್ಬೊಬ್ಬರ ಕೊರಗೂ ಬಲೂನಿನಂತೆ ಬಂದು, ಅವನು ಮುಟ್ಟಿದೊಡನೆ ಟಪ್ಪೆಂದು ಒಡೆಯುತ್ತಿತ್ತು. ಅವನಿಗೆ ತಲೆ ತಿರುಗುವಷ್ಟು ಸಂತೋಷವಾಯಿತು. ಹನ್ನೆರಡು ವರ್ಷ ಮುಖವಿಲ್ಲದವರಿಗೆ ಬರೆದಿದ್ದ. ಈಗ ಮುಖಗಳಿದ್ದವು, ಮುಖಗಳ ತುಟಿಯಲ್ಲಿ ಬನ್ನಿನ ಚೂರುಗಳಿದ್ದವು.

"ಇನ್ನೊಂದು ಸ್ವಾಮಿ," ಎಂದ ರಶ್ಪಾಲ್. "ಎದುರಿನವನು ದೀಪ ಮಿಣುಕಿಸ್ತಾನಲ್ಲ, ಅದಕ್ಕೆ ಏನರ್ಥ? ಬಾ ಅಂತಲೋ, ಬರಬೇಡ ಅಂತಲೋ? ನಮ್ಮಿಬ್ಬರಿಗೂ ಇದರ ಮೇಲೇ ದಿನಾ ಜಗಳ."

"ಎರಡೂ ಅಲ್ಲ," ಪೆನ್ರೋಸ್ ಮೇಲಿನಿಂದ ಹೇಳಿದ. "ನಿಯಮದ ಪ್ರಕಾರ ಅದಕ್ಕೆ ಒಂದೇ ಅರ್ಥ. ನಾನು ಇಲ್ಲಿದೀನಿ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ನಾನು ಇಲ್ಲಿ..."

ಅವನ ಮಾತು ನಿಂತಿತು. ದಿಬ್ಬದ ಮೇಲಿನಿಂದ ಇಳಿಜಾರಿನ ಸಾಲೆಲ್ಲ ಕಾಣುತ್ತಿತ್ತು: ಕೆಂಪು ಕಾರು, ವ್ಯಾನು, ಕ್ಯಾರವಾನ್, ಕೊನೆಯಲ್ಲಿ ನೆತ್ತಿಯ ಮೇಲೆ ಕಲಿಕೆಯ ಕೆಂಪಕ್ಷರ ಹೊತ್ತ ಪುಟ್ಟ ಕಾರು. ಆ ಪುಟ್ಟ ಕಾರಿನ ಡಿಕ್ಕಿ ತೆರೆದಿತ್ತು. ಐಲ್ಸಾ ಅದರೊಳಗೆ ಸೂಟ್‌ಕೇಸು ಇಡುತ್ತಿದ್ದಳು. ತುಂಬಾ ಹಗುರ ಸಾಮಾನಿಡುವಂತೆ ಇಟ್ಟಳು. ಅದನ್ನು ಯಾವಾಗ ಹೊರತೆಗೆದಳು, ಈ ಬೇಲಿಯ ಮುಳ್ಳು, ತುರಿಕೆ ಗಿಡಗಳ ನಡುವೆ ಹೇಗೆ ಎಳೆದುಕೊಂಡು ಹೋದಳು, ಅವನಿಗೆ ತಿಳಿಯಲೇ ಇಲ್ಲ. ಅವನು ಸ್ಪ್ರಿಂಗಿನ ಬಗ್ಗೆ ಹೇಳುತ್ತಿದ್ದಾಗಲೋ, ಮನೆ ಮುಂದಿನ ರಸ್ತೆಯ ಬಗ್ಗೆ ಹೇಳುತ್ತಿದ್ದಾಗಲೋ.

ಅಜ್ಜನಿಗೆ ಕಾರು ಕಲಿಸುವವಳು, ಹಸಿರು ಜಾಕೆಟ್ಟಿನ ಎತ್ತರದ ಹೆಂಗಸು, ಅವಳಿಗೆ ಹಿಂದಿನ ಬಾಗಿಲು ತೆರೆದಳು. ಐಲ್ಸಾ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ನಿಧಾನ, ಹೆಡ್ಲಿ ಸರ್!" ಹೆಂಗಸಿನ ಧ್ವನಿ ಏರಿನವರೆಗೂ ಕೇಳಿಸಿತು. "ಎರಡೂ ಕನ್ನಡಿ ನೋಡ್ಕೊಳ್ಳಿ. ಕೆಳಗಡೆ ಗೇಟಿನವರ್ಗೂ ಹೀಗೇ ಹೋಗೋಣ, ಅಲ್ಲಿ ತಿರುಗಿಸ್ಕೊಂಡು ಸ್ಟೇಷನ್ನು!"

"ರೈಲು ಸಿಗುತ್ತಾ?" ಮುದಿ ಗಂಟಲೊಂದು ಕೂಗಿ ಕೇಳಿತು. ಅದರಲ್ಲಿ ಸಣ್ಣ ಹುರುಪು ಇತ್ತು.

"ನೀವು ಬೇಲಿಗೆ ಗುದ್ದದಿದ್ರೆ ಸಿಗುತ್ತೆ!"

ಪುಟ್ಟ ಕಾರು ಹಿಂದಕ್ಕೆ ಚಲಿಸಿತು. ಎಲ್ಲೂ ತೊನೆಯದೆ, ನೂಲು ಹಿಡಿದಂತೆ ನೇರವಾಗಿ. ಮುಂದಿನ ಗಾಜಿನಲ್ಲಿ ಎರಡು ತಲೆಗಳ ನಡುವೆ ಐಲ್ಸಾಳ ಮುಖವಿತ್ತು. ಅವಳು ಹೋಗುತ್ತಿದ್ದಳು, ಆದರೆ ಮುಖ ಇತ್ತಲೇ ಇತ್ತು. ಬೆನ್ನು ತಿರುಗಿಸದೆ ಹೋಗುವುದು ಹೀಗೂ ಸಾಧ್ಯ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ನಗುತ್ತಿದ್ದಳೋ ಅಥವಾ ಗಾಜಿನ ಮೇಲೆ ಬಿಸಿಲು ಬಿದ್ದಿತ್ತೋ. ಮುಖ ಸಣ್ಣದಾಯಿತು, ಬಿಲ್ಲೆಯಷ್ಟಾಯಿತು, ತಿರುವಿನಲ್ಲಿ ಬೇಲಿ ಅದನ್ನು ಒರೆಸಿಕೊಂಡಿತು.

"ಎಷ್ಟು ಚೆನ್ನಾಗಿ ರಿವರ್ಸ್ ಹೋದ್ರು ಅಜ್ಜ!" ರಶ್ಪಾಲ್ ಮೆಚ್ಚಿಕೊಂಡ.

ಪೆನ್ರೋಸ್ ದಿಬ್ಬದಿಂದ ಧುಮುಕಿದ. ಮೊಣಕೈ ತರಚಿತು. ಕಾರಿನೊಳಕ್ಕೆ ನುಗ್ಗಿ ಕೂತ. ಎದುರಿಗೆ ಕೆಂಪು ಕಾರು, ಅದರ ಹಿಂದೆ ವ್ಯಾನಿನ ಗೋಡೆ; ಆಚೆಗೆ ಏನೂ ಕಾಣದು. ಏನು ಮಾಡಬೇಕೆಂದು ತಿಳಿಯದೆ ಸ್ಟೀರಿಂಗಿನ ಪಕ್ಕದ ಕಡ್ಡಿ ಎಳೆದ. ದೀಪ ಮಿಣುಕಿತು. ಮತ್ತೆ ಎಳೆದ. ಮತ್ತೆ, ಮತ್ತೆ. ಹಗಲಿನಲ್ಲಿ ಆ ಬೆಳಕು ವ್ಯಾನಿನವರೆಗೂ ಹೋಗುತ್ತಿರಲಿಲ್ಲ.

"ಬಿಟ್ಟ! ಬಿಟ್ಟನಪ್ಪಾ!" ಮಿಸೆಸ್ ನ್ಯಾನ್‌ಕಿವೆಲ್ ಕೈ ತಟ್ಟಿ ಕುಣಿದಳು. "ಬಾ ಅಂತಿದಾನೆ! ಹತ್ರೋ ಎಲ್ಲಾ!"

ಬಾಗಿಲುಗಳು ಬಡಿದವು. ಎಂಜಿನ್ನುಗಳು ಗುರುಗುಟ್ಟಿದವು. ಕೆಂಪು ಕಾರು ಮುಂದಕ್ಕೆ ಬಂತು. ಮುಂದಕ್ಕೆ ಮಾತ್ರ ಬರಬಲ್ಲ ಆ ಹೆಂಗಸು ನಗುತ್ತ, ಟೋಪಿ ಸರಿಮಾಡಿಕೊಳ್ಳುತ್ತ, ಅವನ ಬಂಪರಿಗೆ ಗೇಣಿನಷ್ಟು ಹತ್ತಿರ ಬಂದಾಗ ಅವನ ಕೈ ತಾನಾಗಿ ಎಂಜಿನ್ ಚಾಲೂ ಮಾಡಿ ಗೇರು ಬದಲಿಸಿತು. ಕಾರು ಹಿಂದಕ್ಕೆ ಸರಿಯಿತು. ಒಂದೇ ಸಲಕ್ಕೆ, ಎಲ್ಲೂ ತಾಗದೆ, ಬೇಲಿಯ ಗೂಡಿನೊಳಗೆ ಹೋಗಿ ಕೂತಿತು. ಅಷ್ಟೇ ಕೆಲಸ. ಉಸಿರೆಳೆದು ಬಿಡುವಷ್ಟು ಹೊತ್ತು.

ಮಿಸೆಸ್ ನ್ಯಾನ್‌ಕಿವೆಲ್ ದಾಟುವಾಗ ಅಂಗೈ ಎತ್ತಿ ತೋರಿಸಿದಳು. ಅವನೂ ಎತ್ತಿದ. ಕೈರನ್ ಸ್ಟೀರಿಂಗಿನಿಂದ ಒಂದೇ ಬೆರಳು ಎತ್ತಿ, ತಲೆ ಬಗ್ಗಿಸಿದ. ಅವನೂ ಎತ್ತಿದ. ರಶ್ಪಾಲ್ ಗಿಲ್ ಮತ್ತು ಅವನ ಹೆಂಡತಿ ಇಬ್ಬರೂ ಕೈ ಎತ್ತಿದರು. ಕ್ಯಾರವಾನ್ ಬೇಲಿಯನ್ನು ಸವರುತ್ತ, ಎಲೆ ಉದುರಿಸುತ್ತ ಹಾದುಹೋಗುವವರೆಗೂ ಅವನು ಕೈ ಇಳಿಸಲಿಲ್ಲ. ಎಲ್ಲರ ಮುಖದಲ್ಲೂ ಕೃತಜ್ಞತೆಯಿತ್ತು. ಎಂಥ ಒಳ್ಳೆಯ ಮನುಷ್ಯ ಎಂಬ ಕೃತಜ್ಞತೆ. ಅದು ಅವನ ಎದೆಗೆ ಬೆಚ್ಚಗೆ ಬಡಿಯಿತು. ಅವನಿಗೆ ಮತ್ತೆ ನಗು ಬಂತು.

ದಾರಿ ಖಾಲಿಯಾಯಿತು. ಈಗ ಕೆಳಗೆ ಹೋಗಬಹುದಿತ್ತು. ಮೇಲಕ್ಕೂ ಹೋಗಬಹುದಿತ್ತು. ಎಂಜಿನ್ ಚಾಲೂ ಇತ್ತು.

ಮೇಲಿನ ಹುಲ್ಲುಗಾವಲಿನ ಕಡೆಯಿಂದ ಗೊರಸಿನ ಸದ್ದು ಕೇಳಿಸಿತು. ಹಾಲು ಕರೆಯುವ ಹೊತ್ತಾಗಿತ್ತೇನೋ, ಕಪ್ಪು ಬಿಳುಪು ಹಸುಗಳ ಹಿಂಡೊಂದು ಓಣಿ ತುಂಬ ಇಳಿದು ಬಂತು. ಮೊದಲನೆಯ ಹಸು ಕಿಟಕಿಯ ಹತ್ತಿರ ನಿಂತು ಅವನನ್ನು ನೋಡಿತು. ಪೆನ್ರೋಸ್ ಕೈ ಎತ್ತಿದ. ಅದು ಮುಂದಕ್ಕೆ ಹೋಯಿತು. ಎರಡನೆಯದಕ್ಕೂ ಎತ್ತಿದ. ಮೂರನೆಯದರ ಪಕ್ಕೆ ತಾಗಿ ಕಾರಿನ ಕನ್ನಡಿ ಒಳಕ್ಕೆ ಮಡಚಿಕೊಂಡಿತು. ಹಸುಗಳು ಗೂಡಿನೊಳಗೂ ನುಗ್ಗಿ ಕಾರಿನ ಸುತ್ತ ತುಂಬಿಕೊಂಡವು. ಗಾಜಿನ ಮೇಲೆ ಅವುಗಳ ಉಸಿರು ಹಬೆಯಾಗಿ ಕೂತಿತು. ಕಾರು ಮೆಲ್ಲಗೆ ತೂಗಿತು. ಹಿಂದೆ, ಮುಂದೆ ಏನೂ ಕಾಣಿಸದೆ, ಬೆಚ್ಚನೆಯ ಹೊಟ್ಟೆಗಳು ಮಾತ್ರ ಸರಿಯುತ್ತಿದ್ದವು. ಅವನು ಗುಲುಗುಲು ನಗುತ್ತ ಪ್ರತಿಯೊಂದಕ್ಕೂ ಕೈ ಎತ್ತಿದ.

ಕೊನೆಯ ಹಸುವೂ ದಾಟಿತು. ಅಟ್ಟಿಕೊಂಡು ಬರುವವನಿಗೂ ಕೈ ತೋರಿಸಬೇಕೆಂದು ಪೆನ್ರೋಸ್ ಅಂಗೈಯಿಂದ ಗಾಜು ಒರೆಸಿದ, ಕೈ ಎತ್ತಿಕೊಂಡೇ ಕಾದ.

ಹಿಂಡಿನ ಹಿಂದೆ ಯಾರೂ ಇರಲಿಲ್ಲ.